ತಳ್ಳುಗಾಡಿಗೆ ಎರಡು ಜಡೆಯಿದ್ದ ಕಾಲ

ಪತ್ರ:

"ಕಳೆದ ಡಿಸೆಂಬರಿನಲ್ಲಿ, ಅಮೆರಿಕದಲ್ಲಿರುವ ಮಗನ ಸಂಸಾರದೊಂದಿಗೆ ಒರ್ಲ್ಯಾಂಡೊ ಬಳಿಯ ಡಿಸ್ನಿ ವರ್ಲ್ಡ್ ನೋಡಲು ಹೋಗಿದ್ದೆ. ಮೊಮ್ಮಗನಿಗೆ ನಾಲ್ಕು ವರ್ಷ, ಮೊಮ್ಮಗಳಿಗೆ ಇನ್ನೂ ಎರಡು ತುಂಬಿಲ್ಲ. ಇಬ್ಬರೂ ಅಕ್ಕಪಕ್ಕ ಕೂರುವ ಭಾರಿ ಸ್ಟ್ರಾಲರೊಂದನ್ನು, ಎಂದರೆ ಮಕ್ಕಳ ತಳ್ಳುಗಾಡಿಯನ್ನು, ಸೊಸೆ ಮನೆಯಿಂದಲೇ ತಂದಿದ್ದಳು. ರಾತ್ರಿ ಬಾಣಬಿರುಸಿನ ಪ್ರದರ್ಶನ ಮುಗಿದ ಮೇಲೆ ಹೋಟೆಲಿಗೆ ಮರಳುವ ಬಸ್ಸಿನ ಸಾಲಿನಲ್ಲಿ ನಿಂತೆವು. ಮಕ್ಕಳಿಬ್ಬರೂ ಗಾಡಿಯಲ್ಲೇ ನಿದ್ದೆಹೋಗಿದ್ದರು. ಗಾಡಿ ಮಡಚದೆ ಬಸ್ಸು ಹತ್ತುವಂತಿಲ್ಲವೆಂದರು. ಮಕ್ಕಳನ್ನು ಎತ್ತಿ, ಚೀಲಗಳನ್ನು ಇಳಿಸಿ, ಗಾಡಿ ಮಡಚುವಷ್ಟರಲ್ಲಿ ಹಿಂದಿನವರು ಗೊಣಗತೊಡಗಿದರು. ನನಗೆ ನಾಚಿಕೆಯಾಯಿತು. ಕೊಡೆಯಂತೆ ಮಡಚುವ ಚಿಕ್ಕ ಗಾಡಿ ಸಾಲುತ್ತಿರಲಿಲ್ಲವೇ, ನಮ್ಮ ಕಾಲದಲ್ಲಿ ಇದಾವುದೂ ಇಲ್ಲದೆ ಮಕ್ಕಳು ಬೆಳೆಯಲಿಲ್ಲವೇ ಎಂದು ಸೊಸೆಗೆ ಹೇಳಿದೆ. ಎರಡು ದಿನ ಅವಳು ನನ್ನೊಡನೆ ಮಾತನಾಡಲಿಲ್ಲ. ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಈ ದೀಪಾವಳಿಗೆ ಅದೇ ಗಾಡಿಯೊಂದಿಗೆ ಹಾಸನಕ್ಕೆ ಬರುತ್ತಿದ್ದಾರೆ. ತರಬೇಡಿ ಎನ್ನಲೇ?"

ನಿವೃತ್ತ ಶಿಕ್ಷಕರು, ಹಾಸನ

ಸಂಪಾದಕರ ಉತ್ತರ:

ಮಾನ್ಯ ಮೇಷ್ಟ್ರೇ, ನಿಮ್ಮ ಪತ್ರ ನಾಲ್ಕು ಪುಟದ್ದು. ಸ್ಥಳಾಭಾವದಿಂದ ಒಂದು ಭಾಗವನ್ನಷ್ಟೇ ಅಚ್ಚುಹಾಕಿದ್ದೇವೆ. ಬಿಟ್ಟುಹೋದ ಮೂರನೆಯ ಪುಟದಲ್ಲಿ ಎರಡು ಮಾತುಗಳಿದ್ದವು. ಆ ದಿನ ನಿಮ್ಮ ಮೊಬೈಲು ಹದಿನೆಂಟು ಸಾವಿರ ಹೆಜ್ಜೆ ತೋರಿಸಿತೆಂಬುದು ಒಂದು. ಬಸ್ಸಿನ ಸಾಲಿನಲ್ಲಿ ಮಗ ದೊಡ್ಡವನನ್ನು ಹೆಗಲಿಗೆ ಹಾಕಿಕೊಂಡಿದ್ದ, ಸೊಸೆ ಚಿಕ್ಕವಳನ್ನು ಎಡಗೈಯಲ್ಲಿ ಅವುಚಿಕೊಂಡು ಬಲಗೈಯಲ್ಲಿ ಗಾಡಿ ಮಡಚುತ್ತಿದ್ದಳು, ನೀವು ಮೊಮ್ಮಗನ ಬಲೂನು ಹಿಡಿದು ನಿಂತಿದ್ದಿರಿ ಎಂಬುದು ಇನ್ನೊಂದು. ಈ ಎರಡನೆಯದನ್ನು ಬರೆದ ನಿಮ್ಮ ಪ್ರಾಮಾಣಿಕತೆಗೆ ನನ್ನ ನಮಸ್ಕಾರ. ಆದರೆ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆಯೆಂಬುದು ನಿಮಗೆ ಹೊಳೆದಂತಿಲ್ಲ.

ನಿಮ್ಮ ಪಕ್ಷದಲ್ಲಿಯೂ ನ್ಯಾಯವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಬಸ್ಸು ಎಲ್ಲರದು. ಒಬ್ಬರ ಗಾಡಿ ನಡುದಾರಿಯನ್ನು ಮುಚ್ಚಿದರೆ ಹತ್ತು ಜನ ಹಿಂದೆ ಉಳಿಯುತ್ತಾರೆ. ಹತ್ತುವ ಮೊದಲು ಮಡಚಬೇಕೆಂಬುದು ಅಲ್ಲಿ ಬಹುಕಾಲದಿಂದ ನಡೆದುಬಂದ ನಿಯಮ, ಅದಕ್ಕೆ ಕಾರಣವೂ ಇದೆ. ಗಾಡಿಗಳು ವರ್ಷವರ್ಷಕ್ಕೂ ಹಿಗ್ಗುತ್ತ ಹೋದುದರಿಂದ, 2019ರ ಮೇ 1ರಿಂದ ಡಿಸ್ನಿಯವರು 31 ಅಂಗುಲಕ್ಕಿಂತ ಅಗಲದ, 52 ಅಂಗುಲಕ್ಕಿಂತ ಉದ್ದದ ಸ್ಟ್ರಾಲರುಗಳನ್ನು ಒಳಗೆ ಬಿಡುತ್ತಿಲ್ಲ. ಎಳೆದುಕೊಂಡು ಹೋಗುವ ವ್ಯಾಗನ್‌ಗಳನ್ನಂತೂ ಪೂರ್ತಿಯಾಗಿ ನಿಷೇಧಿಸಿದ್ದಾರೆ. ನಿಮ್ಮ ಸೊಸೆಯ ಗಾಡಿ ಗೇಟು ದಾಟಿ ಒಳಗೆ ಹೋಗಿದೆಯೆಂದರೆ ಅದು ಆ ಅಳತೆಯೊಳಗಿನದೇ. ನೀವು "ಭಾರಿ" ಎಂದದ್ದು ನಿಯಮದ ಪ್ರಕಾರ ಭಾರಿಯಲ್ಲ.

ಚಿಕ್ಕದು ಸಾಲದೇ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಕೊಡೆಯಂತೆ ಮಡಚುವ ಗಾಡಿಯ ಮೂಲಕಥೆಯಲ್ಲಿ ಒಬ್ಬ ತಾತನಿದ್ದಾನೆ. ಇಂಗ್ಲೆಂಡಿನ ಓವೆನ್ ಮ್ಯಾಕ್ಲಾರೆನ್ ವಿಮಾನಗಳ ಎಂಜಿನಿಯರು. ಸ್ಪಿಟ್‌ಫೈರ್ ಯುದ್ಧವಿಮಾನದ, ಒಳಕ್ಕೆ ಮಡಚಿಕೊಳ್ಳುವ ಗಾಲಿಗಳ ಕೆಲಸದಲ್ಲಿ ಪಳಗಿದವನು. ಮಾಸ್ಕೋದಿಂದ ಮೊಮ್ಮಗುವಿನೊಂದಿಗೆ ಬಂದ ಮಗಳು ಭಾರದ ಗಾಡಿಯೊಂದಿಗೆ ಪ್ರಯಾಣದಲ್ಲಿ ಪಟ್ಟ ಪಾಡನ್ನು ಹೇಳಿಕೊಂಡಾಗ, ಅವನು ಅಲ್ಯೂಮಿನಿಯಂ ಕೊಳವೆಗಳನ್ನು ತೆಗೆದುಕೊಂಡು, ಮೂರು ಕಿಲೋಗೂ ಕಡಿಮೆ ತೂಗುವ, ಒಂದೇ ಕೈಯಲ್ಲಿ ಮಡಚಬಹುದಾದ ಗಾಡಿಯನ್ನು ತಯಾರಿಸಿ 1965ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ನೀವಿಬ್ಬರೂ ತಾತಂದಿರೇ, ಇಬ್ಬರ ಮುಂದೆಯೂ ಇದ್ದುದು ಒಂದೇ ಕಷ್ಟ. ಅವನು ಗಾಡಿ ಮಾಡಿಕೊಟ್ಟ, ನೀವು ಸಲಹೆ ಕೊಟ್ಟಿರಿ.

ಅಲ್ಲದೆ ಆ ಚಿಕ್ಕ ಗಾಡಿಗಳಲ್ಲಿ ಬಹುಪಾಲು ಒಂದು ಮಗುವಿನವು. ಎರಡು ಮಕ್ಕಳಿಗೆ ಎರಡು ಗಾಡಿ ಬೇಕು, ಎರಡು ಗಾಡಿಗೆ ತಳ್ಳುವವರು ಇಬ್ಬರು ಬೇಕು, ಮತ್ತು ಅದರಲ್ಲೊಬ್ಬರು ಪ್ರಾಯಶಃ ನೀವೇ ಆಗಿರುತ್ತಿದ್ದಿರಿ. ಅವುಗಳ ಬೆನ್ನು ಸಾಮಾನ್ಯವಾಗಿ ಪೂರ್ತಿ ಒರಗುವುದಿಲ್ಲ, ಆದ್ದರಿಂದ ನಿದ್ದೆಹೋದ ಮಗುವಿನ ಕತ್ತು ಒಂದು ಕಡೆಗೆ ಜೋತುಬೀಳುತ್ತದೆ. ಕೆಳಗೆ ನೀರಿನ ಬಾಟಲಿ, ಬದಲಿ ಬಟ್ಟೆ, ಹಾಲಿನ ಪುಡಿ, ಚಳಿಗೊಂದು ಹೊದಿಕೆ ಇಡಲು ಬುಟ್ಟಿಯೂ ಕಿರಿದು. ಪಾರ್ಕಿನಲ್ಲಿ ಬಾಡಿಗೆಗೆ ಸಿಗುವ ಗಾಡಿ ತೆಗೆದುಕೊಳ್ಳಬಹುದಿತ್ತು ಎಂದೂ ನೀವು ಬರೆದಿದ್ದೀರಿ. ಅದನ್ನು ಪಾರ್ಕಿನ ಹೊರಗೆ ತರುವಂತಿಲ್ಲ. ಬಸ್ಸಿನ ಸಾಲಿಗೆ ಬರುವಷ್ಟರಲ್ಲಿ ಮಕ್ಕಳಿಬ್ಬರೂ ತೋಳಿನ ಮೇಲೇ ಇರುತ್ತಿದ್ದರು. ನಿಮ್ಮ ಹದಿನೆಂಟು ಸಾವಿರ ಹೆಜ್ಜೆಯ ದಾರಿಯನ್ನು ನಾಲ್ಕು ವರ್ಷದವನ ಕಾಲಿನಿಂದ ಒಮ್ಮೆ ಅಳೆದು ನೋಡಿ. ಆ ಇಡೀ ಜಾಗ ಸುಮಾರು ಇಪ್ಪತ್ತೈದು ಸಾವಿರ ಎಕರೆಯದು, ನೀವು ದಿನಾ ಸುತ್ತು ಹಾಕುವ ಮಹಾರಾಜ ಪಾರ್ಕ್ ಅಲ್ಲ.

"ನಮ್ಮ ಕಾಲದಲ್ಲಿ ಇದಾವುದೂ ಇಲ್ಲದೆ ಮಕ್ಕಳು ಬೆಳೆಯಲಿಲ್ಲವೇ" ಎಂಬ ವಾಕ್ಯದ ಬಳಿ ಬಂದಾಗ ನಾನು ಪತ್ರವನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಬೆಳೆದರು, ನಿಜ. ನಾನೂ ಹಾಗೆಯೇ ಬೆಳೆದವನು. ನನ್ನ ಅವ್ವ ಕಾಫಿ ತೋಟಕ್ಕೆ ಹಣ್ಣು ಕೀಳಲು ಹೋಗುತ್ತಿದ್ದಾಗ, ಹಳೆಯ ಸೀರೆಯ ಜೋಲಿಯನ್ನು ನೆರಳುಮರದ ಕೊಂಬೆಗೆ ಕಟ್ಟಿ ನನ್ನನ್ನು ಅದರಲ್ಲಿ ಮಲಗಿಸುತ್ತಿದ್ದಳಂತೆ. ಈ ಚಿತ್ರ ಎಷ್ಟು ಚೆಂದವೆಂದರೆ, ನಮ್ಮ ಪತ್ರಿಕೆಗೆ ಬರುವ ಕವಿತೆಗಳಲ್ಲಿ ತಿಂಗಳಿಗೆ ಒಂದರಲ್ಲಾದರೂ ಆ ಜೋಲಿ ತೂಗುತ್ತಿರುತ್ತದೆ. ಜೋಲಿಯನ್ನು ತೂಗುತ್ತಿದ್ದವಳು ಯಾರೆಂದು ಯಾವ ಕವಿಯೂ ಬರೆಯುವುದಿಲ್ಲ. ತೂಗುತ್ತಿದ್ದವಳು ನನ್ನ ದೊಡ್ಡಕ್ಕ. ಆಗ ಅವಳಿಗೆ ಒಂಬತ್ತು ವರ್ಷ. ನಾನು ಹುಟ್ಟಿದ ವರ್ಷವೇ ಅವಳು ಶಾಲೆ ಬಿಟ್ಟಳು. ಜೋಲಿಯಿಂದ ಇಳಿದ ಮೇಲೆ ನನ್ನ ವಾಸವೆಲ್ಲ ಅವಳ ಎಡಸೊಂಟದ ಮೇಲೆ: ಸಂತೆಗೆ, ಜಾತ್ರೆಗೆ, ಹೊಳೆಗೆ, ಸೂಜಿ ಹಾಕಿಸಲು ಆಸ್ಪತ್ರೆಗೆ. ಈಗಲೂ ಅವಳು ನಿಂತರೆ ಎಡಕ್ಕೆ ತುಸು ವಾಲುತ್ತಾಳೆ. "ನಿನ್ನನ್ನು ಹೊತ್ತದ್ದಕ್ಕೆ ಸಿಕ್ಕ ಪಿಂಚಣಿ ಕಣೋ ಇದು" ಎಂದು ನಗುತ್ತಾಳೆ. ನಮ್ಮ ಕಾಲದಲ್ಲಿಯೂ ತಳ್ಳುಗಾಡಿಯಿತ್ತು, ಮೇಷ್ಟ್ರೇ. ಅದಕ್ಕೆ ಎರಡು ಜಡೆಯಿತ್ತು, ಅಷ್ಟೆ. ನೀವು ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದವರು. ಯಾವ ಹೆಸರುಗಳ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ ಹಾಕಬೇಕಾಗುತ್ತಿತ್ತು ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಸಾಲಿನಲ್ಲಿ ಗೊಣಗಿದವರಿಗೆ ನೀವು ಕೊಟ್ಟ ಮಾನ್ಯತೆಯಂತೂ ನನಗೆ ಸೋಜಿಗವೆನಿಸಿತು. ಇನ್ನೆಂದೂ ಮುಖ ನೋಡದ ಜನರೆದುರು ಮರ್ಯಾದೆ ಉಳಿಸಿಕೊಳ್ಳಲು, ನಾಳೆ ಬೆಳಗ್ಗೆ ಕಾಫಿ ಕೊಡುವವರ ಮನಸ್ಸು ನೋಯಿಸಿದಿರಿ. ಆ ಗೊಣಗಾಟಕ್ಕೆ ಕಾರಣ ಗಾಡಿಯ ಅಗಲವಲ್ಲ, ಬಸ್ಸು. ಅದೇ ಡಿಸ್ನಿ ಊರಿನಲ್ಲಿ ಮೊನೊರೈಲಿಗೆ ಗಾಡಿಯನ್ನು ಮಗುವಿನ ಸಮೇತ ನೇರ ಉರುಳಿಸಿಕೊಂಡು ಹೋಗಬಹುದು. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ಸ್ಕೈಲೈನರ್ ಎಂಬ ತೂಗುಡಬ್ಬಿಗಳೊಳಗೂ, ಹಿಡಿಸುವ ಗಾಡಿಯಾದರೆ ಮಡಚದೆ ನುಗ್ಗಿಸಬಹುದು. ಅಲ್ಲೆಲ್ಲ ತೊಂದರೆ ಕೊಡದ ಗಾಡಿ ಬಸ್ಸಿನ ಬಾಗಿಲಲ್ಲಿ ಮಾತ್ರ ಅಪರಾಧಿಯಾಗುವುದು ಹೇಗೆ?

ಬಸ್ಸಿನ ವಿಷಯ ಬಂದರೆ ನಾನು ಮಾತು ನಿಲ್ಲಿಸುವವನಲ್ಲವೆಂದು ಈ ಪತ್ರಿಕೆಯ ಹಳೆಯ ಓದುಗರಿಗೆ ಗೊತ್ತು. ನನಗೆ ಕಾರಿಲ್ಲ, ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನಕ್ಕೆ ತಿಂಗಳಿಗೆರಡು ಬಾರಿಯಾದರೂ ಬಸ್ಸಿನಲ್ಲಿಯೇ ಬರುವವನು. ಕೂಸನ್ನೆತ್ತಿಕೊಂಡ ಹೆಂಗಸು ನಮ್ಮ ಬಸ್ಸು ಹತ್ತುವುದನ್ನು ನೀವು ಹತ್ತಿರದಿಂದ ನೋಡಿರುತ್ತೀರಿ. ಮೊದಲ ಮೆಟ್ಟಿಲು ಹೆಚ್ಚುಕಡಿಮೆ ಅವಳ ಮೊಣಕಾಲಿನ ಎತ್ತರಕ್ಕಿರುತ್ತದೆ. ಒಂದು ಕೈಯಲ್ಲಿ ಮಗು, ಮೊಣಕೈಗೆ ಚೀಲ, ಪರ್ಸು ಹಲ್ಲಿನಲ್ಲಿ. ಇನ್ನೊಂದು ಕೈ ಕಂಬಿಗೆ ತಲುಪಿತೋ ಇಲ್ಲವೋ ಎನ್ನುವಾಗಲೇ ಒಳಗಿನಿಂದ "ರೈಟ್" ಕೇಳಿಸುತ್ತದೆ. ಹಬ್ಬದ ಮುಂಚಿನ ದಿನವಾದರೆ ಮಗು ಕಿಟಕಿಯಿಂದ ಮೊದಲು ಒಳಗೆ ಹೋಗುತ್ತದೆ: ಅಪರಿಚಿತರೊಬ್ಬರು ಕೈಚಾಚಿ ತೆಗೆದುಕೊಂಡು, ಸೀಟಿಗೆ ಟವೆಲ್ಲು ಹಾಕುವ ಬದಲು ಮಗುವನ್ನೇ ಇಡುತ್ತಾರೆ. ನಾವು ಇದನ್ನು ಮಾನವೀಯತೆ ಎಂದು ಹಾಡಿಹೊಗಳುತ್ತೇವೆ. ಮಾನವೀಯತೆಯೇ ಸರಿ, ಆದರೆ ಮಗುವನ್ನು ಕಿಟಕಿಯಲ್ಲಿ ತೂರಿಸಬೇಕಾಗಿ ಬಂದದ್ದೇಕೆ ಎಂದೂ ಯಾರಾದರೂ ಕೇಳಬೇಕಲ್ಲ.

ಇದು ಆಗದ ಕೆಲಸವೇನೂ ಅಲ್ಲ. ನಗರ ಬಸ್ಸುಗಳಿಗೆಂದು ಕೇಂದ್ರ ಸರ್ಕಾರ ಗೊತ್ತುಮಾಡಿರುವ ಅಳತೆಗಳಲ್ಲಿ, ನೆಲದಿಂದ 400 ಮಿಲಿಮೀಟರ್, 650 ಮಿಲಿಮೀಟರ್ ಮತ್ತು 900 ಮಿಲಿಮೀಟರ್ ಎತ್ತರದ ತಳವುಳ್ಳ ಮೂರು ಬಗೆಗಳಿವೆ. ಮೊದಲನೆಯ ಬಗೆಯದಕ್ಕೆ ಬಾಗಿಲ ಬಳಿ ಮಡಚುವ ಇಳಿಜಾರು ಹಲಗೆಯೊಂದಿದ್ದರೆ ಗಾಡಿಯೇನು, ಗಾಲಿಕುರ್ಚಿಯೂ ಉರುಳಿಕೊಂಡೇ ಒಳಗೆ ಬರುತ್ತದೆ. ನಿಲ್ದಾಣದಲ್ಲಿ ಬಾಗಿಲಿನ ಕಡೆಗೆ ತುಸು ಮಂಡಿಯೂರುವ ಬಸ್ಸುಗಳೂ ಇವೆ. ನಮ್ಮಂಥ ಜಿಲ್ಲಾಕೇಂದ್ರಗಳ ಪಾಲಿಗೆ ಬರುವುದು ಮಾತ್ರ ಏಣಿ ಹತ್ತಿದಂತೆ ಹತ್ತಬೇಕಾದವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಟಿಕೆಟ್ಟಿನ ಭಾರ ಇಳಿಯಿತು. ಅದನ್ನು ಈ ಅಂಕಣದಲ್ಲಿ ನಾನು ಮನಸಾರೆ ಸ್ವಾಗತಿಸಿದ್ದೆ. ಮೆಟ್ಟಿಲಿನ ಎತ್ತರ ಮಾತ್ರ ಇಳಿಯಲಿಲ್ಲ.

ಇಳಿದ ಮೇಲೆ ಕಾಲುದಾರಿಯ ಪಾಡು ಬೇರೆ. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ನಿಮ್ಮ ಸೊಸೆಯ ಗಾಡಿ ಹೆಚ್ಚೆಂದರೆ 79 ಸೆಂಟಿಮೀಟರ್ ಅಗಲ. ಎಂದರೆ ನಿಯಮದಂತೆ ಕಟ್ಟಿದ ದಾರಿಯಲ್ಲಿ ಅಂಥ ಎರಡು ಗಾಡಿಗಳು ಎದುರುಬದುರು ಬಂದರೂ ಒಂದಕ್ಕೊಂದು ತಾಗದೆ ಹೋಗಬಹುದು. ನಿಮ್ಮ ಪತ್ರ ಬಂದ ಮಾರನೆಯ ದಿನ, ದರ್ಜಿಯೊಬ್ಬರಿಂದ ಟೇಪು ಎರವಲು ಪಡೆದು, ನನ್ನ ಮನೆಯಿಂದ ಕಚೇರಿಯವರೆಗಿನ ದಾರಿಯನ್ನು ಅಳೆದೆ. ಟ್ರಾನ್ಸ್‌ಫಾರ್ಮರಿನ ಬಳಿ 54 ಸೆಂಟಿಮೀಟರ್. ಎಳನೀರಿನ ಚಿಪ್ಪು ರಾಶಿ ಬಿದ್ದಲ್ಲಿ 40. ಒಂದು ಕಡೆ ಚಪ್ಪಡಿಯೇ ಇಲ್ಲದೆ ಕೆಳಗೆ ಚರಂಡಿ ಕಾಣುತ್ತಿತ್ತು, ಅಲ್ಲಿ ಏನನ್ನು ಅಳೆಯುವುದೆಂದು ತಿಳಿಯಲಿಲ್ಲ. ಟೇಪಿನ ಆ ತುದಿಯನ್ನು ಹಿಡಿದುಕೊಂಡಿದ್ದ ಶಾಲಾ ಹುಡುಗನೊಬ್ಬ, "ಸರ್, ರಸ್ತೆ ಅಗಲ ಮಾಡ್ತಾರಾ?" ಎಂದು ಕೇಳಿದ.

ಗಾಡಿಯವರ ಪರವಾಗಿ ಇಷ್ಟು ಬರೆದಮೇಲೆ, ಅವರೂ ಎದ್ದು ಜಾಗ ಬಿಡಬೇಕಾದ ಸಂದರ್ಭವೊಂದನ್ನು ಹೇಳದಿದ್ದರೆ ತಪ್ಪಾದೀತು. 2012ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ವೆದರ್ಬಿಯಿಂದ ಲೀಡ್ಸ್‌ಗೆ ಹೊರಟ ಬಸ್ಸನ್ನು ಹತ್ತಲು ಡಗ್ ಪಾಲಿ ಎಂಬವರು ಗಾಲಿಕುರ್ಚಿಯಲ್ಲಿ ಬಂದರು. ಅವರಿಗೆ ಮೀಸಲಾದ ಜಾಗದಲ್ಲಿ ಮಲಗಿದ ಮಗುವಿನ ತಳ್ಳುಗಾಡಿ ನಿಂತಿತ್ತು. ಗಾಡಿ ಮಡಚಲು ಬರುವುದಿಲ್ಲವೆಂದು ತಾಯಿ ಹೇಳಿದರು. ಪಾಲಿ ಹತ್ತಲಾಗದೆ ಹಿಂದೆ ಉಳಿದರು. ಬಸ್ ಕಂಪನಿಯ ಮೇಲೆ ಅವರು ಹೂಡಿದ ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಚಾಲಕರು ಒಂದು ಮಾತು ಕೇಳಿ ಸುಮ್ಮನಾದರೆ ಸಾಲದು, ಇನ್ನೂ ಒತ್ತಾಯಿಸಬೇಕೆಂದು 2017ರ ಜನವರಿಯಲ್ಲಿ ತೀರ್ಪಾಯಿತು. ಗಾಲಿಕುರ್ಚಿಯ ಮುಂದೆ ತಳ್ಳುಗಾಡಿ ಮಡಚಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಆ ಪ್ರಕರಣವನ್ನು ಓದುವಾಗ, ಇಬ್ಬರಿಗೂ ಸಾಲುವಷ್ಟು ಜಾಗ ಬಿಡದೆ ಬಸ್ಸು ಕಟ್ಟಿದವರು ಮಾತ್ರ ಎಲ್ಲಿಯೂ ಕಟಕಟೆಗೆ ಬರಲಿಲ್ಲವಲ್ಲ ಎನಿಸಿತು. ಬಸ್ಸಿನಲ್ಲಿ ಎದುರುಬದುರಾದವರು ಒಬ್ಬ ತಾಯಿ ಮತ್ತು ಒಬ್ಬ ಅಂಗವಿಕಲ. ನಿಮ್ಮ ಮನೆಯಲ್ಲಿ ಮಾತು ಬಿಟ್ಟವರು ಮಾವ ಮತ್ತು ಸೊಸೆ.

ಮುಂದಿನ ಸಲ ಹೋಗುವುದಾದರೆ ಒಂದಿಷ್ಟು ಉಪಾಯಗಳಿವೆ. ಬಸ್ಸು ಕಣ್ಣಿಗೆ ಬೀಳುವ ಮೊದಲೇ ಬುಟ್ಟಿ ಬರಿದು ಮಾಡಿ ಎಲ್ಲವನ್ನೂ ಒಂದೇ ಬೆನ್ನುಚೀಲಕ್ಕೆ ಹಾಕಬೇಕು. ಸುಡುಮದ್ದು ಮುಗಿದ ಕೂಡಲೇ ಎಲ್ಲರೊಂದಿಗೆ ಓಡುವ ಬದಲು ಮುಕ್ಕಾಲು ಗಂಟೆ ಒಳಗೇ ಕುಳಿತಿದ್ದರೆ ಸಾಲು ಕರಗುತ್ತದೆ. ಮಕ್ಕಳು ಹೇಗೂ ಮಲಗಿರುತ್ತಾರೆ. ಒಬ್ಬರು ಮಗುವನ್ನು ಹಿಡಿದರೆ ಇನ್ನೊಬ್ಬರು ಮಡಚಬೇಕು, ಮತ್ತು ಆ ಇನ್ನೊಬ್ಬರು ಮನೆಯ ಹಜಾರದಲ್ಲಿ ನಾಲ್ಕಾರು ಸಲ ಮಡಚಿ ಬಿಚ್ಚಿ ರೂಢಿ ಮಾಡಿಕೊಂಡಿರಬೇಕು. ಬಲೂನನ್ನು ಗಾಡಿಯ ಹಿಡಿಕೆಗೆ ಕಟ್ಟಿದರೆ ಸಾಕು, ಅದಕ್ಕೆ ಪ್ರತ್ಯೇಕವಾಗಿ ಒಬ್ಬ ಮನುಷ್ಯ ಬೇಕಾಗಿಲ್ಲ.

ದೀಪಾವಳಿಗೆ ಗಾಡಿ ತರಬೇಡಿ ಎನ್ನಲೇ ಎಂದು ಕೇಳಿದ್ದೀರಿ. ತರಲಿ, ಮೇಷ್ಟ್ರೇ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಾದ್ದರಿಂದ ಊರು ತುಂಬಿರುತ್ತದೆ, ಮಕ್ಕಳನ್ನು ಹೆಗಲ ಮೇಲೆ ಹೊತ್ತವರೇ ಸಾಲಿನಲ್ಲಿ ಕಾಣುತ್ತಾರೆ. ಆ ಜನದ ನಡುವೆ ಮೂವತ್ತೊಂದು ಅಂಗುಲದ ಗಾಡಿಯೊಂದು ಎಷ್ಟು ದೂರ ಹೋಗುತ್ತದೆ, ಎಲ್ಲೆಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ನಾನೇ ಕಣ್ಣಾರೆ ನೋಡಬೇಕು. ಬಲಿಪಾಡ್ಯಮಿಯ ಬೆಳಗ್ಗೆ ಹತ್ತಕ್ಕೆ ಮಹಾರಾಜ ಪಾರ್ಕಿನ ಗೇಟಿನ ಬಳಿ ಬನ್ನಿ, ನಾನು ಟೇಪು ತರುತ್ತೇನೆ. ಗಾಡಿ ಮಡಚುವ ಗುಂಡಿ ಎಲ್ಲಿದೆಯೆಂದು ಅಷ್ಟರೊಳಗೆ ಸೊಸೆಯಿಂದ ಕೇಳಿ ಕಲಿತಿರಿ.