ಸಣ್ಣ ಹೋಟೆಲ್ ನಡೆಸುವವರು ಬದಲಾಗುವ ಕನಿಷ್ಠ ವೇತನ, ಕಾರ್ಮಿಕ ಕಾನೂನುಗಳ ಜಾಡು ಹಿಡಿಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ತುಮಕೂರಿನಲ್ಲಿ ಒಂದು ಹೋಟೆಲ್ ಇದೆ, 14 ಜನ ಕೆಲಸಕ್ಕಿದ್ದಾರೆ. ಬೆಂಗಳೂರಿನಲ್ಲಿ 8 ಜನರನ್ನು ಇಟ್ಟು ಇನ್ನೊಂದು ತೆರೆಯುವ ಯೋಚನೆ. ಕನಿಷ್ಠ ವೇತನ ವರ್ಷ ವರ್ಷ ಬದಲಾಗುತ್ತದೆ, ಈಗ ಹಳೆ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬೇರೆ ಬಂದಿದೆ, ವಾಟ್ಸಾಪ್‌ನಲ್ಲಿ ದಿನಕ್ಕೊಂದು ಮೆಸೇಜು. ಒಲೆ ಮುಂದೆ ನಿಲ್ಲುವವರು ಇದನ್ನೆಲ್ಲ ನೋಡಿಕೊಳ್ಳುವುದು ಹೇಗೆ ಅಂತ.

ಸಣ್ಣ ಹೋಟೆಲ್, ಅಂಗಡಿ, ಪ್ರಿಂಟಿಂಗ್ ಪ್ರೆಸ್‌ಗಳ ಸಂಬಳದ ಲೆಕ್ಕ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಬರೆಯುವುದೇ ನನ್ನ ಕಸುಬು. ಎಲ್ಲ ಸುದ್ದಿಯ ಹಿಂದೆ ಓಡಬೇಡಿ ಅಂತಲೇ ಮೊದಲು ಹೇಳುತ್ತೇನೆ. ನಿಮಗೆ ಯಾವ ಅಧಿಸೂಚನೆ ಅನ್ವಯಿಸುತ್ತದೆ ಅಂತ ಒಮ್ಮೆ ಗಟ್ಟಿಯಾಗಿ ಗೊತ್ತಾದರೆ ಮುಕ್ಕಾಲು ಗೊಂದಲ ಅಲ್ಲೇ ಮುಗಿಯಿತು. ನಾನು ಕಂಡ ತಪ್ಪುಗಳಲ್ಲಿ ಜಾಸ್ತಿ ಪಾಲು ದರ ಗೊತ್ತಿಲ್ಲದ್ದರಿಂದ ಆದವಲ್ಲ, ಬೇರೆ ಯಾರದೋ ದರ ನೋಡಿದ್ದರಿಂದ ಆದವು.

ಕರ್ನಾಟಕದಲ್ಲಿ ಕನಿಷ್ಠ ವೇತನ ಅಂದರೆ ಎಲ್ಲರಿಗೂ ಒಂದೇ ಅಂಕಿ ಅಲ್ಲ. ಹೋಟೆಲ್‌ಗೆ ಬೇರೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಬೇರೆ, ಟೈಲರಿಂಗ್‌ಗೆ ಬೇರೆ, ಸೆಕ್ಯುರಿಟಿ ಏಜೆನ್ಸಿಗೆ ಬೇರೆ. ಅದರೊಳಗೆ ವಲಯ. ಬೆಂಗಳೂರು ಮೊದಲ ವಲಯದಲ್ಲಿದೆ, ತುಮಕೂರು ಅದರ ಕೆಳಗೆ. ಅದರೊಳಗೆ ಮತ್ತೆ ಕೆಲಸ. ಹೋಟೆಲ್ ಅಧಿಸೂಚನೆಯಲ್ಲಿ ಅಡುಗೆಯವರು, ಸಪ್ಲೈಯರ್, ಕ್ಲೀನರ್ ಅಂತ ಕೆಲಸದ ಹೆಸರು ಹಿಡಿದೇ ದರ್ಜೆ ಹಾಕಿರುತ್ತಾರೆ. ದೋಸೆ ಕಲ್ಲಿನ ಮುಂದೆ ನಿಲ್ಲುವ ಭಟ್ಟರನ್ನು ರಿಜಿಸ್ಟರ್‌ನಲ್ಲಿ ಬರೀ ‘ಹೆಲ್ಪರ್’ ಅಂತ ಬರೆದಿದ್ದೀರಾ? ಹೆಚ್ಚಿನ ಕಡೆ ಹಾಗೇ ಬರೆದಿರುತ್ತಾರೆ. ಇನ್‌ಸ್ಪೆಕ್ಟರ್ ಬಂದರೆ ರಿಜಿಸ್ಟರ್ ನೋಡಿ ಸುಮ್ನೆ ಹೋಗುವುದಿಲ್ಲ, ಅಡುಗೆಮನೆಗೆ ಹೋಗಿ ಯಾರ ಕೈಯಲ್ಲಿ ಸೌಟು ಇದೆ ಅಂತ ನೋಡುತ್ತಾರೆ. ಹಾಗಾಗಿ ಒಂದು ಹಾಳೆ ತಗೊಂಡು 14 ಜನರ ಹೆಸರಿನ ಮುಂದೆ ಅವರು ನಿಜವಾಗಿ ಮಾಡುವ ಕೆಲಸ ಬರೆಯಿರಿ. ಅಧಿಸೂಚನೆಯ ದರ್ಜೆಯನ್ನು ಅದರ ಪಕ್ಕ ಬರೆಯಿರಿ. ಬೆಂಗಳೂರಿನವರಿಗೆ ಬೇರೆ ಹಾಳೆ.

ಇನ್ನು ವರ್ಷ ವರ್ಷ ಬದಲಾಗುತ್ತದೆ ಅಂದಿರಲ್ಲ, ಅದು ಮೂಲ ವೇತನ ಅಲ್ಲ. ಮೂಲ ದರವನ್ನು ಸರ್ಕಾರ ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಿಸುತ್ತದೆ. ಪ್ರತಿ ಏಪ್ರಿಲ್ 1ಕ್ಕೆ ಏರುವುದು ತುಟ್ಟಿಭತ್ಯೆ, ನಾವೆಲ್ಲ ವಿಡಿಎ ಅನ್ನುವುದು. ಹಿಂದಿನ ಕ್ಯಾಲೆಂಡರ್ ವರ್ಷದ ಬೆಲೆ ಸೂಚ್ಯಂಕದ ಸರಾಸರಿ ತೆಗೆದು, ಏರಿದ ಒಂದೊಂದು ಪಾಯಿಂಟಿಗೆ ಇಷ್ಟು ಪೈಸೆ ಅಂತ ಗುಣಿಸಿ ಕಾರ್ಮಿಕ ಇಲಾಖೆ ಪಟ್ಟಿ ಹೊರಡಿಸುತ್ತದೆ. ಅದು ಇಲಾಖೆಯ ವೆಬ್‌ಸೈಟ್‌ನ ಕನಿಷ್ಠ ವೇತನದ ಪುಟದಲ್ಲೇ ಸಿಗುತ್ತದೆ. ಮಾರ್ಚ್ ಕೊನೆಯ ವಾರ ಒಂದು ಸಲ ತೆಗೆದು ನೋಡಿದರೆ ಆ ವರ್ಷದ ಮುಖ್ಯ ಕೆಲಸ ಆಯಿತು.

‘ನಾನು ಕನಿಷ್ಠಕ್ಕಿಂತ ಜಾಸ್ತಿನೇ ಕೊಡ್ತೀನಿ, ನನಗೇನು ಭಯ’ ಅನ್ನುವವರು ಎಡವುವುದು ಇಲ್ಲೇ. ಲೆಕ್ಕಕ್ಕೆ ಸುಮ್ನೆ ಒಂದು ಅಂಕಿ ಹಿಡಿಯೋಣ. ಮೂಲ 12,000, ವಿಡಿಎ 2,500, ಒಟ್ಟು ಕನಿಷ್ಠ 14,500. ನೀವು 15,000 ಕೊಡುತ್ತಿದ್ದೀರಿ. ಏಪ್ರಿಲ್‌ನಲ್ಲಿ ವಿಡಿಎ 600 ಏರಿತು. ಈಗ ಕನಿಷ್ಠ 15,100. ನೀವು ಏನನ್ನೂ ಬದಲಿಸಲಿಲ್ಲ, ಆದರೂ ತಿಂಗಳಿಗೆ ತಲಾ 100 ರೂಪಾಯಿ ಬಾಕಿ ಬೆಳೆಯುತ್ತಿದೆ. ಹಾಗಂತ ಎಲ್ಲರಿಗೂ ವಿಡಿಎ ಏರಿಕೆಯನ್ನು ಇರುವ ಸಂಬಳದ ಮೇಲೆ ಸೇರಿಸಿಯೇ ಕೊಡಬೇಕು ಅಂತಲ್ಲ. ಒಟ್ಟು ಕೊಡುವುದು ಕನಿಷ್ಠಕ್ಕಿಂತ ಮೇಲಿದ್ದರೆ ಪ್ರತ್ಯೇಕ ವಿಡಿಎ ಕೊಡುವ ಹಂಗಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಕರ್ನಾಟಕದಿಂದಲೇ ಹೋದ ಕೇಸಿನಲ್ಲಿ. ಆದರೂ ಸಂಬಳದ ಚೀಟಿಯಲ್ಲಿ ಮೂಲ, ವಿಡಿಎ ಬೇರೆ ಬೇರೆ ತೋರಿಸಿ. ನಾಳೆ ವಾದ ಬಂದಾಗ ನಿಮ್ಮ ಪರ ನಿಲ್ಲುವುದು ಆ ಚೀಟಿಯೇ.

ವಿಡಿಎ ತಡೆಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳ ಕಥೆ ಇದೆ. 2020ರ ಏಪ್ರಿಲ್‌ನಲ್ಲಿ ಬರಬೇಕಿದ್ದ ಏರಿಕೆಯನ್ನು ರಾಜ್ಯ ಸರ್ಕಾರ ಕೋವಿಡ್ ಹೊತ್ತಿನಲ್ಲಿ ಒಂದು ವರ್ಷ ಮುಂದೂಡಿತು. ಕಾರ್ಮಿಕ ಸಂಘದವರು ಹೈಕೋರ್ಟಿಗೆ ಹೋದರು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ ಆದೇಶಕ್ಕೆ ತಡೆ ಬಿತ್ತು. ಆದರೂ ಎಷ್ಟೋ ಕಾರ್ಖಾನೆಗಳು ‘ನೋಡೋಣ’ ಅಂತ ಕೂತವು. ಅಲ್ಲಿ ಏರಿಕೆ ತಿಂಗಳಿಗೆ 417 ರೂಪಾಯಿ. ಕೇಳಲಿಕ್ಕೆ ಸಣ್ಣದು. ವರ್ಷಕ್ಕೆ ಒಬ್ಬರಿಗೆ 5,000, ಸಾವಿರ ಜನರಿದ್ದರೆ 50 ಲಕ್ಷ. ಕೊನೆಗೆ ಬಾಕಿ ಸಮೇತ ಕೊಡಬೇಕಾಯಿತು. ಆ ಹೆಣ್ಣುಮಕ್ಕಳು ಅಷ್ಟು ದಿನ ಆ ದುಡ್ಡಿಲ್ಲದೆ ಮನೆ ನಡೆಸಿದ್ದನ್ನು ಯಾವ ಬಾಕಿಯೂ ತುಂಬುವುದಿಲ್ಲ, ಅದು ಬೇರೆ ಮಾತು.

ಇನ್ನು ಪೇಪರ್ ಸುದ್ದಿ. 2025ರ ಏಪ್ರಿಲ್‌ನಲ್ಲಿ ಕನಿಷ್ಠ ವೇತನವನ್ನು ಬಹಳವಾಗಿ ಏರಿಸುವ ಕರಡು ಹೊರಬಂತು. ಮಾರನೇ ದಿನದಿಂದ ನನ್ನ ಫೋನ್ ಬಿಡುವಿಲ್ಲ: ‘ಮುಂದಿನ ತಿಂಗಳಿಂದ ಕೊಡಬೇಕಾ?’ ಕರಡು ಅಂದರೆ ಆಕ್ಷೇಪಣೆ ಕೇಳಲಿಕ್ಕೆ ಹೊರಡಿಸಿದ ಪ್ರಸ್ತಾವ. ಅದಕ್ಕೆ ಕನಿಷ್ಠ ಎರಡು ತಿಂಗಳ ಗಡುವು ಕೊಡುತ್ತಾರೆ, ಆಮೇಲೆ ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಬರಬೇಕು. ಯಾರು ಏನೇ ಫಾರ್ವರ್ಡ್ ಮಾಡಿದರೂ ಎರಡು ಕಡೆ ಕಣ್ಣು ಹಾಕಿ: ತಲೆಬರಹದಲ್ಲಿ ‘ಕರಡು’ ಅಂತ ಇದೆಯಾ, ಜಾರಿಗೆ ಬರುವ ದಿನಾಂಕ ಯಾವುದು. ಆದರೆ ಕರಡನ್ನು ಕಸಕ್ಕೂ ಹಾಕಬೇಡಿ. ಬೆಂಗಳೂರಿನ ಹೋಟೆಲ್‌ನ ಬಜೆಟ್ ಹಾಕುವಾಗ ಹಳೆ ದರ ಹಿಡಿಯುವ ಬದಲು ಏರಿದರೆ ಎಷ್ಟಾದೀತು ಅಂತ ನೋಡಿಕೊಳ್ಳಲು ಅದು ಬೇಕು.

ಹೊಸ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ವೇತನ ಸಂಹಿತೆ 2019ರಲ್ಲೇ ಪಾಸಾಗಿ ಇಷ್ಟು ವರ್ಷ ಕಪಾಟಿನಲ್ಲಿತ್ತು. ಅದು ಬಂದ ಮಾತ್ರಕ್ಕೆ ರಾಜ್ಯದ ಹಳೆ ಅಧಿಸೂಚನೆಗಳು ಬಿದ್ದುಹೋಗುವುದಿಲ್ಲ. ಹೊಸ ಕಾನೂನಿಗೆ ವಿರುದ್ಧವಾಗದಷ್ಟರ ಮಟ್ಟಿಗೆ, ಅವುಗಳ ಜಾಗಕ್ಕೆ ಬೇರೆ ಬರುವತನಕ ನಡೆಯುತ್ತವೆ. ನಿಮಗೆ ತಟ್ಟುವ ಬದಲಾವಣೆಗಳಲ್ಲಿ ನಾನು ಮೊದಲು ಹೇಳುವುದು ‘ವೇತನ’ದ ಲೆಕ್ಕ. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಓವರ್‌ಟೈಂ ಇವು ವೇತನದಲ್ಲಿ ಸೇರುವುದಿಲ್ಲ. ಆದರೆ ಹೀಗೆ ಹೊರಗಿಟ್ಟದ್ದು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದಷ್ಟು ಮತ್ತೆ ವೇತನಕ್ಕೇ ಸೇರುತ್ತದೆ. ಮೂಲ ಕಡಿಮೆ ತೋರಿಸಿ ಭತ್ಯೆ ಉಬ್ಬಿಸುವ ಹಳೆ ಜಾಣತನ ಇನ್ನು ನಡೆಯದು. ಎರಡನೆಯದು ಹೋಟೆಲ್‌ನವರಿಗೆ ಚುರುಕು ಮುಟ್ಟಿಸುವುದು: ಕೆಲಸ ಬಿಟ್ಟವರ ಲೆಕ್ಕವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ‘ಮುಂದಿನ ತಿಂಗಳು ಬಾ, ಕೊಡ್ತೀನಿ’ ಅನ್ನುವಂತಿಲ್ಲ. ಇನ್ನೊಂದು, ಸಂಬಳ ಬಾಕಿಗೆ ಅರ್ಜಿ ಹಾಕಲು ಹಳೆ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳಿತ್ತು, ಈಗ ಮೂರು ವರ್ಷ. ಅಂದರೆ ಮೂರು ವರ್ಷದ ಹಾಜರಿ, ಸಂಬಳದ ದಾಖಲೆ ನಿಮ್ಮ ಹತ್ತಿರ ಇರಲೇಬೇಕು. ಬ್ಯಾಂಕ್ ಮೂಲಕ ಕೊಟ್ಟರೆ ಅರ್ಧ ದಾಖಲೆ ತಾನಾಗೇ ಆಗುತ್ತದೆ. ಕಡಿಮೆ ಕೊಟ್ಟದ್ದು ಸಾಬೀತಾದರೆ ದಂಡ 50,000 ರೂಪಾಯಿವರೆಗೂ ಹೋಗಬಹುದು.

ಊಟ, ವಸತಿ ಕೊಡುತ್ತೇವಲ್ಲ ಅಂತ ಮನಸ್ಸಿಗೆ ಬಂದಷ್ಟು ಮುರಿದುಕೊಳ್ಳುವುದು ನಮ್ಮ ಹೋಟೆಲ್‌ಗಳ ಹಳೆ ಚಾಳಿ. ಕಾನೂನು, ಅಧಿಸೂಚನೆ ಒಪ್ಪಿದಷ್ಟೇ ಮುರಿಯಬೇಕು, ಅದೂ ಬರೆದಿಟ್ಟು. ಕೊಟ್ಟ ಅಡ್ವಾನ್ಸ್‌ಗೂ ಹೀಗೆಯೇ, ಕೈಬರಹದ ಚೀಟಿಯಾದರೂ ಸರಿ, ಸಹಿ ಇರಲಿ.

ಪಿಎಫ್ ವಿಚಾರ ನೀವು ಕೇಳಿಲ್ಲ, ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಕಣ್ಣಿಗೆ ಹೊಡೆದದ್ದು ಅದೇ. 14 ಜನಕ್ಕೆ ಇಎಸ್‌ಐ ಇರಲೇಬೇಕು, 10 ಜನಕ್ಕೇ ಅದು ಬರುತ್ತದೆ. 21,000ದವರೆಗಿನ ಸಂಬಳದವರಿಗೆ ಅವರಿಂದ 0.75, ನಿಮ್ಮಿಂದ 3.25 ಶೇಕಡ. ಪಿಎಫ್ 20 ಜನಕ್ಕೆ. ನಿಮ್ಮ ಲೆಕ್ಕದಲ್ಲಿ ತುಮಕೂರಿಗೆ 14, ಬೆಂಗಳೂರಿಗೆ 8, ಎರಡೂ 20ಕ್ಕಿಂತ ಕಡಿಮೆ. ಆದರೆ ಶಾಖೆಗಳನ್ನು ಒಂದೇ ಸಂಸ್ಥೆ ಅಂತ ಕೂಡಿಸಿ ನೋಡುತ್ತಾರೆ. 22 ಆಯಿತು. ಹೊಸ ಹೋಟೆಲ್ ಬಾಗಿಲು ತೆರೆದ ದಿನದಿಂದ ಹಳೆಯವರಿಗೂ ಪಿಎಫ್ ಶುರು. ಹೆಂಡತಿ ಹೆಸರಲ್ಲಿ ಇನ್ನೊಂದು ಲೈಸೆನ್ಸ್ ಮಾಡಿಸಿ ಅಂತ ಯಾರಾದರೂ ಸಲಹೆ ಕೊಟ್ಟಾರು. ಹೆಸರೊಂದೇ ಬೇರೆಯಾಗಿ ದುಡ್ಡು, ಆಡಳಿತ, ಜನ ಎಲ್ಲ ಒಂದೇ ಇದ್ದರೆ ಅದು ನಿಲ್ಲುವುದು ಕಷ್ಟ.

ಸಣ್ಣಪುಟ್ಟವು ಇನ್ನೂ ಇವೆ. ವೃತ್ತಿ ತೆರಿಗೆ 25,000 ಮತ್ತು ಮೇಲಿನ ಸಂಬಳಕ್ಕೆ ತಿಂಗಳಿಗೆ 200, ಆದರೆ ಫೆಬ್ರವರಿಯಲ್ಲಿ 300. ಹಳೆ ಎಕ್ಸೆಲ್ ಹಾಳೆ ಇಟ್ಟುಕೊಂಡವರು ಆ ನೂರು ಮರೆಯುತ್ತಾರೆ. ಮಹಿಳೆಯರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಋತುಚಕ್ರ ರಜೆ ಅಂತ ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿದೆ. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವರು ನಿಮ್ಮಂಥ ಹೋಟೆಲ್ ಮಾಲೀಕರ ಸಂಘದವರೇ. ಕೋರ್ಟಿನ ಮಾತು ಏನೇ ಇರಲಿ, ಪಾತ್ರೆ ತೊಳೆಯುವ ಹೆಂಗಸರು ಇಡೀ ದಿನ ನಿಂತೇ ಇರುತ್ತಾರೆ. ನನ್ನ ಕೇಳಿದರೆ ಕೊಟ್ಟುಬಿಡಿ.

ಬೆಂಗಳೂರಿನಲ್ಲಿ ಏಜೆನ್ಸಿಯಿಂದ ಕ್ಲೀನಿಂಗ್ ಹುಡುಗರನ್ನು ತಗೊಳ್ಳುವುದಾದರೆ, ಏಜೆನ್ಸಿಯ ಬಿಲ್ ಜೊತೆ ಆ ಹುಡುಗರ ಹೆಸರಿನ ಸಂಬಳ ಜಮೆಯ ವಿವರ, ಇಎಸ್‌ಐ ಚಲನ್ ಎರಡನ್ನೂ ಕೇಳಿ. ಏಜೆನ್ಸಿಯವರು ಕೊಡದೆ ಓಡಿಹೋದರೆ ಆ ಸಂಬಳ ಕಟ್ಟಬೇಕಾದವರು ನೀವೇ. ಚಲನ್ ಇಲ್ಲದ ಬಿಲ್ ಪಾಸ್ ಮಾಡುವುದಿಲ್ಲ ಅಂತ ಒಪ್ಪಂದದಲ್ಲೇ ಬರೆಸಿ, ಆಮೇಲೆ ಸಹಿ ಹಾಕಿ.