30 ವರ್ಷದ ಮನೆ, ಬಿರುಕೇ ಇಲ್ಲ. ಭೂಕಂಪಕ್ಕೆ ಹೆದರಬೇಕಾ?

ಮನೆ 30 ವರ್ಷದಿಂದ ಗಟ್ಟಿಯಾಗಿ ನಿಂತಿದೆ, ಗೋಡೆಯಲ್ಲಿ ಒಂದು ಬಿರುಕೂ ಇಲ್ಲ, ಇನ್ನೇನು ಭಯ ಅಂತ ಕೇಳಿದ್ದೀರಿ. ನನ್ನ ಮನೆ ಬಗ್ಗೆ ನಾನೂ ಹೀಗೇ ಅಂದುಕೊಂಡಿದ್ದೆ. ಕೊನೆಗೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಕರೆಸಿದೆ. ಅವರು ಗೋಡೆ ನೋಡಲೇ ಇಲ್ಲ, ಸೀದಾ ಕೆಳಗೆ ಕಾರು ನಿಲ್ಲಿಸುವ ಜಾಗಕ್ಕೆ ಹೋದರು.

ಇಷ್ಟು ವರ್ಷ ಮನೆ ಹೊತ್ತಿರುವುದು ಮೇಲಿಂದ ಕೆಳಕ್ಕೆ ಬರುವ ಭಾರ. ಭೂಕಂಪ ಪಕ್ಕಕ್ಕೆ ಜಗ್ಗುತ್ತದೆ. ಅದನ್ನು ಮನೆ ತಡೆಯುತ್ತದಾ ಅನ್ನೋದು ಬೇರೆಯೇ ಲೆಕ್ಕ. ಮೇಲೆಲ್ಲ ಗೋಡೆ, ಕೆಳಗೆ ಬರೀ ಪಿಲ್ಲರ್ ಇದ್ದರೆ ಪೆಟ್ಟೆಲ್ಲ ಆ ಪಿಲ್ಲರ್‌ಗಳಿಗೇ. 2001ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗಿಂತ ದೂರದ ಅಹಮದಾಬಾದಿನಲ್ಲೂ ಇಂಥ ಅಪಾರ್ಟ್‌ಮೆಂಟ್‌ಗಳು ಕುಸಿದವು. 1993ರಲ್ಲಿ ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯಲ್ಲಿ ಭೂಕಂಪಕ್ಕೆ ಮನೆಗಳು ಕುಸಿಯಲು ಕಾರಣ ಬೇರೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ನೋಡಲು ಕೋಟೆಯಂಥ ಮನೆಗಳೇ ಮಲಗಿದ್ದವರ ಮೇಲೆ ಬಿದ್ದವು.

ಕಟ್ಟುವಾಗ ತೆಗೆದ ಫೋಟೊ ಇದ್ದರೆ ಹುಡುಕಿ. ಪಿಲ್ಲರ್ ಕಂಬಿಗಳ ಸುತ್ತ ಹಾಕುವ ರಿಂಗ್‌ನ ತುದಿ 135 ಡಿಗ್ರಿ ಒಳಕ್ಕೆ ಬಾಗಿರಬೇಕು. ನಮ್ಮ ಫೋಟೊದಲ್ಲಿ ಬರೀ 90 ಡಿಗ್ರಿ ಇತ್ತು. ಜೋರಾಗಿ ಅಲುಗಿದಾಗ ಹೊರಗಿನ ಕಾಂಕ್ರೀಟ್ ಉದುರಿ ಅಂಥ ರಿಂಗ್ ಬಿಚ್ಚಿಕೊಳ್ಳುತ್ತದೆ. ಆ ಫೋಟೊ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಂಜಿನಿಯರ್ ಹೇಳಿದಂತೆ ಪಿಲ್ಲರ್ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿಸಿದೆವು. ಸುಮ್ನೆ ಸಿಮೆಂಟ್ ಬಳಿದರೆ ಏನೂ ಪ್ರಯೋಜನ ಇಲ್ಲ.

ಆ ಕೆಲಸಕ್ಕೆ ತಿಂಗಳುಗಳೇ ಬೇಕು. ಆದರೆ ಮಗಳ ಹಾಸಿಗೆ ಪಕ್ಕದ ಬೀರುವನ್ನು ಅವತ್ತೇ ಗೋಡೆಗೆ ಬೋಲ್ಟ್ ಹಾಕಿ ಬಿಗಿದೆ. ತಲೆಯ ಮೇಲಿದ್ದ ಗಾಜಿನ ಫೋಟೊ ತೆಗೆದೆ. ಮಂಚದ ಕೆಳಗೆ ಟಾರ್ಚ್, ಚಪ್ಪಲಿ ಇಟ್ಟೆವು. ಕತ್ತಲಲ್ಲಿ ಒಡೆದ ಗಾಜು ತುಳಿದು ಗಾಯ ಮಾಡಿಕೊಳ್ಳುವವರೂ ಇದ್ದಾರೆ. ನೆಲ ಅಲುಗುವಾಗ ಮೆಟ್ಟಿಲ ಕಡೆ ಓಡಬಾರದು, ಗಟ್ಟಿ ಮೇಜಿನ ಕೆಳಗೆ ಕೂತು ಅದರ ಕಾಲು ಹಿಡಿದುಕೊಳ್ಳಬೇಕು. ಇದನ್ನು ಮನೆಯವರೆಲ್ಲ ಒಮ್ಮೆ ಮಾಡಿ ನೋಡಿದೆವು. ಗ್ಯಾಸ್ ಎಲ್ಲಿ ಬಂದ್ ಮಾಡಬೇಕು ಅಂತ ಮಗಳಿಗೂ ಗೊತ್ತು.

ನಿಮ್ಮ ಮನೆಯ ಕೆಳಗೂ ಬರೀ ಪಿಲ್ಲರ್ ಇದೆಯಾ? ಇದ್ದರೆ ದಯವಿಟ್ಟು ಮೊದಲು ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.