ರಫ್ತು ಪ್ರಶ್ನೋತ್ತರ: ಅಮೆರಿಕದ ಅಂಗಡಿಗೆ ನಮ್ಮ ಬಿಸ್ಕತ್ತು

ಪ್ರಶ್ನೆ: ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತು ಮಾಡುವ ಸಣ್ಣ ಘಟಕ ನಮ್ಮದು. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇದೆ. ಅಮೆರಿಕದ ಭಾರತೀಯ ದಿನಸಿ ಅಂಗಡಿಗಳಿಗೆ ಕಳಿಸುವ ಯೋಚನೆ. ‘ಎಫ್‌ಡಿಎ ಅಪ್ರೂವಲ್ ಸರ್ಟಿಫಿಕೇಟ್’ ಕೊಡಿಸುತ್ತೇವೆ ಎಂದು ಏಜೆನ್ಸಿಯೊಂದು 60 ಸಾವಿರ ಕೇಳುತ್ತಿದೆ. ಕೊಡಬಹುದೇ? (ಓದುಗರು, ತುಮಕೂರು)

ಉತ್ತರ: ಬೇಡ, ಅಂಥ ಸರ್ಟಿಫಿಕೇಟೇ ಇಲ್ಲ. ಬಿಸ್ಕತ್ತನ್ನು ಮೊದಲೇ ನೋಡಿ ಒಪ್ಪಿಗೆ ಕೊಡುವ ಪದ್ಧತಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಇಲ್ಲ. ಇರುವುದು ಘಟಕದ ನೋಂದಣಿ. ಅದಕ್ಕೆ ಸರ್ಕಾರಿ ಶುಲ್ಕ ಸೊನ್ನೆ. ನೀವೇ ಆನ್‌ಲೈನಿನಲ್ಲಿ ಮಾಡಿಕೊಳ್ಳಬಹುದು. ಮೊದಲು ನಿಮ್ಮ ಘಟಕವನ್ನು ಗುರುತಿಸುವ ಅಂತರರಾಷ್ಟ್ರೀಯ ‘ಡನ್ಸ್’ ಸಂಖ್ಯೆ ಪಡೆದುಕೊಳ್ಳಿ. ಎಫ್‌ಡಿಎ ನಿಮ್ಮನ್ನು ಸಂಪರ್ಕಿಸಲು ಅಮೆರಿಕದಲ್ಲೇ ಇರುವ ಒಬ್ಬರನ್ನು ‘ಯುಎಸ್ ಏಜೆಂಟ್’ ಎಂದು ಹೆಸರಿಸಬೇಕು. ಈ ಸೇವೆಗೆ ವರ್ಷಕ್ಕಿಷ್ಟು ಎಂದು ಹಣ ಕೇಳಿದರೆ ಅದು ನ್ಯಾಯವೇ. ನೋಂದಣಿಯನ್ನು ಪ್ರತಿ ಸಮ ಸಂಖ್ಯೆಯ ವರ್ಷ ಅಕ್ಟೋಬರ್ 1ರಿಂದ ಡಿಸೆಂಬರ್ 31ರೊಳಗೆ ನವೀಕರಿಸಬೇಕು. ಮರೆತರೆ ನೋಂದಣಿ ರದ್ದಾಗುತ್ತದೆ, ಸರಕು ಬಂದರಿನಲ್ಲಿ ನಿಲ್ಲುತ್ತದೆ.

ಇಲ್ಲಿ ಐಇಸಿ (ಆಮದು-ರಫ್ತು ಮಾಡುವವರ ಸಂಕೇತ) ಸಂಖ್ಯೆ ಮತ್ತು ಅಪೆಡಾ (ಕೃಷಿ, ಸಂಸ್ಕರಿತ ಆಹಾರ ರಫ್ತು ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ. ಅಲ್ಲಿನ ಆಮದುದಾರರು ನಿಮ್ಮ ಆಹಾರ ಸುರಕ್ಷತಾ ಯೋಜನೆ, ಮೆಟಲ್ ಡಿಟೆಕ್ಟರ್ ದಾಖಲೆ, ಅಲರ್ಜಿ ಪದಾರ್ಥಗಳನ್ನು ಬೇರೆಯಾಗಿಡುವ ಕ್ರಮ ಎಲ್ಲವನ್ನೂ ಕೇಳುತ್ತಾರೆ. ಎಫ್‌ಎಸ್‌ವಿಪಿ (ವಿದೇಶಿ ಪೂರೈಕೆದಾರರ ಪರಿಶೀಲನೆ) ನಿಯಮದಂತೆ ಅದನ್ನು ಪರಿಶೀಲಿಸುವುದು ಅವರ ಕಾನೂನು ಹೊಣೆ. ಏನೂ ಕೇಳದೆ ಆರ್ಡರ್ ಕೊಡುವ ಆಮದುದಾರರ ಬಗ್ಗೆಯೇ ಹುಷಾರಾಗಿರಿ.

ಪ್ರಶ್ನೆ: ಇಲ್ಲಿನ ಪ್ಯಾಕೆಟ್ಟಿಗೇ ಒಂದು ಸ್ಟಿಕ್ಕರ್ ಅಂಟಿಸಿದರೆ ಸಾಲದೇ? ಕನ್ನಡದಲ್ಲೂ ಹೆಸರು ಇರಲೆಂಬ ಆಸೆ ನಮಗೆ. (ಓದುಗರು, ಹಾಸನ)

ಉತ್ತರ: ಸ್ಟಿಕ್ಕರಿಗೆ ಅಡ್ಡಿಯಿಲ್ಲ. ಆದರೆ ಅದರಡಿಯಿಂದ ಹಳೆಯ ಲೆಕ್ಕ ಇಣುಕಬಾರದು. ನಮ್ಮ ಪೋಷಕಾಂಶ ಪಟ್ಟಿ 100 ಗ್ರಾಂ ಲೆಕ್ಕದ್ದು, ಅಲ್ಲಿ ಒಮ್ಮೆ ತಿನ್ನುವಷ್ಟರ (‘ಸರ್ವಿಂಗ್’) ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ: ಅಮೆರಿಕದಲ್ಲಿ ‘ಬಿಸ್ಕಿಟ್’ ಎಂದರೆ ಮೆತ್ತನೆಯ ಬನ್ನಿನಂಥದ್ದು, ಅದರ ಉಲ್ಲೇಖ ಪ್ರಮಾಣ (ಒಮ್ಮೆ ತಿನ್ನುವಷ್ಟೆಂದು ಎಫ್‌ಡಿಎ ಗೊತ್ತುಮಾಡಿದ ತೂಕ) 55 ಗ್ರಾಂ. ನಮ್ಮ ಬೆಣ್ಣೆ ಬಿಸ್ಕತ್ತು ಅಲ್ಲಿ ‘ಕುಕಿ’, ಅದರದ್ದು 30 ಗ್ರಾಂ. ಹೆಸರು ನೋಡಿ 55 ಹಿಡಿದರೆ ಇಡೀ ಪಟ್ಟಿ ತಪ್ಪುತ್ತದೆ.

ಒಂದು ಬಿಸ್ಕತ್ತು 8 ಗ್ರಾಂ, ಪ್ಯಾಕೆಟ್ 200 ಗ್ರಾಂ ಎನ್ನಿ. 30ಕ್ಕೆ ಹತ್ತಿರವಾದದ್ದು ನಾಲ್ಕು ಬಿಸ್ಕತ್ತು, 32 ಗ್ರಾಂ. ಪ್ಯಾಕೆಟ್ಟಿನಲ್ಲಿ ‘ಸುಮಾರು 6’ ಸರ್ವಿಂಗ್. ಲ್ಯಾಬ್ ವರದಿಯಲ್ಲಿ 100 ಗ್ರಾಂಗೆ 502 ಕ್ಯಾಲರಿ ಇದ್ದರೆ 32 ಗ್ರಾಂಗೆ 160.6, 50 ದಾಟಿದ್ದನ್ನು ಹತ್ತರ ಲೆಕ್ಕಕ್ಕೆ ತರಬೇಕಾದ್ದರಿಂದ 160. ಬೆರೆಸಿದ ಸಕ್ಕರೆ 100 ಗ್ರಾಂನಲ್ಲಿ 22 ಗ್ರಾಂ ಇದ್ದರೆ 7 ಗ್ರಾಂ ಎಂದು ಬರೆದು, ದಿನಕ್ಕೆ 50 ಗ್ರಾಂ ಲೆಕ್ಕದಲ್ಲಿ ಶೇ 14 ತೋರಿಸಬೇಕು. ನಿವ್ವಳ ತೂಕ ಮುಂಭಾಗದ ಕೆಳಗಿನ ಶೇ 30 ಜಾಗದೊಳಗೆ, ಔನ್ಸ್ ಮತ್ತು ಗ್ರಾಂ ಎರಡರಲ್ಲೂ ಇರಲಿ: 7.05 ಔನ್ಸ್, 200 ಗ್ರಾಂ.

‘ಐಎನ್‌ಎಸ್ 500’ ಎಂಬಂಥ ಸಂಕೇತ ಸಂಖ್ಯೆ ಬರೆದರೆ ನಡೆಯದು, ಬೇಕಿಂಗ್ ಸೋಡಾ ಎಂದು ಹೆಸರೇ ಬೇಕು. ‘ಖಾದ್ಯ ಎಣ್ಣೆ’ ಎಂದರೆ ಸಾಲದು, ತಾಳೆಯೋ ಸೂರ್ಯಕಾಂತಿಯೋ ಹೇಳಿ. ಗೋಧಿ, ಹಾಲು, ಸೋಯಾದ ಜೊತೆಗೆ 2023ರ ಜನವರಿ 1ರಿಂದ ಎಳ್ಳೂ ಅಲರ್ಜಿ ಪಟ್ಟಿಯಲ್ಲಿದೆ. ಖಾರಾ ಬಿಸ್ಕತ್ತಿಗೆ ಎಳ್ಳು ಉದುರಿಸುವವರು ಗಮನಿಸಿ. ತಾರೀಖನ್ನು 05/08 ಎಂದು ಬರೆದರೆ ಅಲ್ಲಿನವರು ಮೇ 8 ಎಂದು ಓದುತ್ತಾರೆ, ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

ಕನ್ನಡದ ವಿಷಯ: ಲೇಬಲ್ಲಿನಲ್ಲಿ ಇಂಗ್ಲಿಷಲ್ಲದ ಭಾಷೆ ಬಂದರೆ ಕಡ್ಡಾಯ ವಿವರಗಳೆಲ್ಲ ಆ ಭಾಷೆಯಲ್ಲೂ ಇರಬೇಕು. ಪದಾರ್ಥ ಪಟ್ಟಿ, ಅಲರ್ಜಿ ಸೂಚನೆ ಎಲ್ಲವನ್ನೂ ಕನ್ನಡದಲ್ಲೂ ಮುದ್ರಿಸಲು ಜಾಗವಿದ್ದರೆ ಧಾರಾಳವಾಗಿ ಹಾಕಿ. ಸಣ್ಣ ಪ್ಯಾಕೆಟ್ಟಿನಲ್ಲಿ ಅದು ಕಷ್ಟ.

ಪ್ರಶ್ನೆ: ನಾವು ಪ್ರತ್ಯೇಕವಾಗಿ ಬಣ್ಣ ಹಾಕುವುದೇ ಇಲ್ಲ. ಆದರೂ ಬಣ್ಣದ ತೊಂದರೆ ಬರುವುದುಂಟೇ? (ಓದುಗರು, ದಾವಣಗೆರೆ)

ಉತ್ತರ: ಉಂಟು, ಟೂಟಿ ಫ್ರೂಟಿಯೊಳಗೆ ಕೂತು ಬರುತ್ತದೆ. ಕಸ್ಟರ್ಡ್ ಪೌಡರಿನಲ್ಲೂ ಬರಬಹುದು. ನಮ್ಮಲ್ಲಿ ಒಪ್ಪಿತವಾದ ಕಾರ್ಮೋಸಿನ್, ಪಾನ್ಸೋ 4ಆರ್ ಅಮೆರಿಕದಲ್ಲಿ ನಿಷಿದ್ಧ. ಎರಿಥ್ರೋಸಿನ್‌ಗೆ ಇದ್ದ ಅನುಮತಿಯನ್ನು 2025ರ ಜನವರಿಯಲ್ಲಿ ರದ್ದು ಮಾಡಿ, ತೆಗೆದುಹಾಕಲು 2027ರ ಜನವರಿ 15ರವರೆಗೆ ಕಾಲ ಕೊಟ್ಟಿದ್ದಾರೆ. ಟಾರ್ಟ್ರಜಿನ್ ಅಲ್ಲಿ ‘ಯೆಲ್ಲೋ 5’ ಎಂಬ ಹೆಸರಲ್ಲಿ ಸಲ್ಲುತ್ತದಾದರೂ, ಆ ಬ್ಯಾಚನ್ನು ಎಫ್‌ಡಿಎ ಪ್ರಮಾಣೀಕರಿಸಿರಬೇಕು. ನಮ್ಮ ಪೇಟೆಯಲ್ಲಿ ಸಿಗುವ ಬಣ್ಣದ ಡಬ್ಬಿಗೆ ಆ ಪ್ರಮಾಣೀಕರಣ ಇರುವುದಿಲ್ಲ. ಬಣ್ಣದಲ್ಲಿ ಸಿಕ್ಕಿಬಿದ್ದ ಘಟಕ 45-02 ಸಂಖ್ಯೆಯ ಆಮದು ಎಚ್ಚರಿಕೆ ಪಟ್ಟಿ ಸೇರಬಹುದು. ಸೇರಿದರೆ ಪ್ರತಿ ಸರಕೂ ಪರೀಕ್ಷೆಗೆ ಮೊದಲೇ ತಡೆಯಾಗುತ್ತದೆ. ಹೊರಬರಲು ಸಾಮಾನ್ಯವಾಗಿ ಸತತ ಐದು ಸರಕು ತಪ್ಪಿಲ್ಲದೆ ದಾಟಬೇಕು.

ಕೊಬ್ಬಿನದ್ದೂ ಇದೇ ಕಥೆ. ಟ್ರಾನ್ಸ್ ಫ್ಯಾಟ್‌ನ ಮೂಲವಾದ ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ ಅಲ್ಲಿ ಸಲ್ಲದು. ವನಸ್ಪತಿ, ಬೇಕರಿ ಮಾರ್ಗರಿನ್ ಕೊಡುವವರಿಂದ ‘ಭಾಗಶಃ ಹೈಡ್ರೋಜನೀಕರಣ ಇಲ್ಲ’ ಎಂದು ಲಿಖಿತದಲ್ಲೇ ಪಡೆಯಿರಿ. ‘ಟ್ರಾನ್ಸ್ ಫ್ಯಾಟ್ ಕಡಿಮೆ’ ಎಂಬ ಮಾತು ಸಾಲದು.

ಪ್ರಶ್ನೆ: ಹಡಗಿನಲ್ಲಿ ಕಳಿಸುವಾಗ ಏನು ನೋಡಬೇಕು? ತಡೆಹಿಡಿದರೆ ಮುಂದೇನು? (ಓದುಗರು, ಮಂಗಳೂರು)

ಉತ್ತರ: ಹಡಗು ಮುಟ್ಟುವ ಕನಿಷ್ಠ 8 ಗಂಟೆ ಮೊದಲು ಎಫ್‌ಡಿಎಗೆ ‘ಪ್ರಯರ್ ನೋಟಿಸ್’ (ಮುಂಗಡ ಸೂಚನೆ) ಹೋಗಿರಬೇಕು, ವಿಮಾನವಾದರೆ 4 ಗಂಟೆ. ಸಾಮಾನ್ಯವಾಗಿ ಕಸ್ಟಮ್ಸ್ ಬ್ರೋಕರ್ ಸಲ್ಲಿಸುತ್ತಾರೆ. ನೋಂದಣಿ ಸಂಖ್ಯೆಯ ಒಂದಂಕಿ ತಪ್ಪಿದರೂ ಸರಕು ನಿಲ್ಲಬಹುದು. ಮರದ ಪ್ಯಾಲೆಟ್ಟಿಗೆ, ಅದರ ಕೀಟ ನಿವಾರಿಸಲಾಗಿದೆ ಎಂದು ತೋರುವ ಐಎಸ್‌ಪಿಎಂ 15 ಮುದ್ರೆ ಬೇಕು.

ರಾತ್ರಿ ತಣಿದಾಗ ಕಂಟೇನರಿನ ಚಾವಣಿಯಲ್ಲಿ ತೇವ ಕಟ್ಟಿ ಹನಿಯುತ್ತದೆ, ರಟ್ಟಿನ ಪೆಟ್ಟಿಗೆ ಮೆತ್ತಗಾಗುತ್ತದೆ. ತೇವ ಹೀರುವ ಚೀಲ ತೂಗುಹಾಕಿ, ಬಿಸ್ಕತ್ತಿಗೆ ಮೆಟಲೈಸ್ಡ್ ಫಿಲ್ಮ್ ಬಳಸಿ. ಒಲೆಯಿಂದ ತೆಗೆದದ್ದು ಪೂರ್ತಿ ಆರುವ ಮೊದಲೇ ಪ್ಯಾಕ್ ಮಾಡಿದರೆ ಯಾವ ಫಿಲ್ಮೂ ಕಾಯದು.

ತಡೆದರೆ ಎಫ್‌ಡಿಎ ನೋಟಿಸಿನಲ್ಲಿ ಕಾರಣವೂ ಉತ್ತರಕ್ಕೆ ಗಡುವೂ ಇರುತ್ತವೆ. ಲೇಬಲ್ ದೋಷವಾದರೆ 766ನೇ ಅರ್ಜಿ ನಮೂನೆಯಲ್ಲಿ ಅಲ್ಲೇ ಮರುಲೇಬಲ್ ಮಾಡಲು ಅನುಮತಿ ಕೇಳಬಹುದು. ನಿಷಿದ್ಧ ಬಣ್ಣವಾದರೆ ಆ ದಾರಿಯೂ ಇಲ್ಲ. ಸರಕನ್ನು ನಿರಾಕರಿಸಿದ 90 ದಿನಗಳೊಳಗೆ ವಾಪಸ್ ಒಯ್ಯಬೇಕು, ಇಲ್ಲವೇ ನಾಶ ಮಾಡಬೇಕು. ಗೋದಾಮಿನ ಬಾಡಿಗೆ ಯಾರದ್ದು ಎಂದು ಆಮದುದಾರರ ಜೊತೆ ಆರ್ಡರ್ ಹೊತ್ತಿನಲ್ಲೇ ಬರೆದಿಟ್ಟುಕೊಳ್ಳಿ.